ಜಪಾನಿನ ಸಾರ್ವಜನಿಕ ಈಜುಕೊಳಕ್ಕೆ ಮೊದಲ ಸಲ ಹೊರಟವರಿಗೆ: ಟೋಪಿಯಿಂದ ಟವೆಲ್‌ವರೆಗೆ

ಜೂನ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದುಕೊಂಡಿತೆಂದರೆ ಜಪಾನಿನಲ್ಲಿರುವ ಕನ್ನಡಿಗರು ನನ್ನನ್ನು ಕೇಳುವ ಪ್ರಶ್ನೆಗಳೂ ಶುರುವಾಗುತ್ತವೆ. ಇಲ್ಲಿನ ಒಳಾಂಗಣ ಈಜುಕೊಳಕ್ಕೆ ನಮ್ಮನ್ನು ಬಿಡ್ತಾರಾ? ಮೆಂಬರ್ ಆಗಬೇಕಾ? ಭಾಷೆ ಬರದಿದ್ದರೆ ಹೇಗೆ? ಎಲ್ಲರೆದುರು ಬಟ್ಟೆ ಬಿಚ್ಚಬೇಕಂತಲ್ಲ, ನಿಜಾನಾ?

ಬಿಡುತ್ತಾರೆ. ಮೆಂಬರ್ ಆಗಬೇಕಿಲ್ಲ, ಸಿನಿಮಾಕ್ಕೆ ಹೋದ ಹಾಗೆ ಆ ಹೊತ್ತಿನ ಟಿಕೆಟ್ ತಗೊಂಡರೆ ಸಾಕು. ಹತ್ತು ಹನ್ನೆರಡು ಜಪಾನಿ ಪದ ಗೊತ್ತಿದ್ದರೆ ಭಾಷೆಯ ಚಿಂತೆಯೂ ಇಲ್ಲ. ಬಟ್ಟೆ ಬಿಚ್ಚುವ ಮಾತು ಓನ್‌ಸೆನ್‌ಗೆ, ಅಂದರೆ ಬಿಸಿನೀರ ಬುಗ್ಗೆಯ ಸ್ನಾನದ ಮನೆಗೆ ಸೇರಿದ್ದು. ಅಲ್ಲಿ ಬಟ್ಟೆ ತೊಟ್ಟು ನೀರಿಗಿಳಿದರೆ ತಪ್ಪು, ಇಲ್ಲಿ ತಲೆಗೆ ಟೋಪಿ ಇಲ್ಲದೆ ಇಳಿದರೂ ತಪ್ಪು.

ನಮ್ಮವರು ಎಡವುವುದು ವಿದೇಶಿಯರೆಂಬ ಕಾರಣಕ್ಕಲ್ಲ. ಗೋಡೆಯ ಮೇಲೆ ಬರೆದ ನಿಯಮ ಓದಲು ಬರುವುದಿಲ್ಲ. ಬರೆಯದೆ ಬಿಟ್ಟದ್ದನ್ನು ಇಲ್ಲಿನವರು ಚಿಕ್ಕಂದಿನಲ್ಲೇ ಶಾಲೆಯ ಕೊಳದಲ್ಲಿ ಕಲಿತಿರುತ್ತಾರೆ. 1955ರ ಮೇ ತಿಂಗಳಲ್ಲಿ ಸೆತೊ ಒಳಸಮುದ್ರದಲ್ಲಿ ಶಿಉನ್ ಮಾರು ಎಂಬ ಹಡಗು ಮುಳುಗಿ 168 ಜನ ತೀರಿಕೊಂಡರು, ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಹೊರಟ ಮಕ್ಕಳು. ಶಾಲೆಗಳಲ್ಲಿ ಕೊಳ ಕಟ್ಟಿಸಿ ಈಜು ಕಲಿಸುವ ಪದ್ಧತಿ ದೇಶದ ತುಂಬ ಹರಡಲು ಆ ದುರಂತ ದೊಡ್ಡ ಕಾರಣವಾಯಿತು. ಹಾಗಾಗಿ ನಿಮ್ಮ ಪಕ್ಕದ ಲೇನಿನ ಎಪ್ಪತ್ತರ ಅಜ್ಜಿಗೆ ಯಾವಾಗ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ನಮಗೆ ಹೇಳಿಕೊಡಬೇಕು, ಅದಕ್ಕೇ ಈ ಲೇಖನ.

ಹಂತ 1: ಯಾವ ಕೊಳ ಎಂದು ಗೊತ್ತುಮಾಡಿಕೊಳ್ಳಿ

ಫಿಟ್‌ನೆಸ್ ಕ್ಲಬ್ಬುಗಳ ಕೊಳಕ್ಕೆ ತಿಂಗಳ ಸದಸ್ಯತ್ವ ಬೇಕು. ಅದು ನಮಗೆ ಬೇಡ. ಹುಡುಕಬೇಕಾದದ್ದು ಊರಿನ ಆಡಳಿತ ನಡೆಸುವ ಕೊಳ. ಹೆಸರಿನಲ್ಲಿ ‘ಶಿಮಿನ್ ಪೂರು’ (ನಗರವಾಸಿಗಳ ಕೊಳ), ‘ಕುಮಿನ್ ಪೂರು’ (ವಾರ್ಡಿನವರ ಕೊಳ) ಅಥವಾ ‘ಓನ್‌ಸುಯ್ ಪೂರು’ (ಬೆಚ್ಚಗಿನ ನೀರಿನ ಕೊಳ) ಎಂದಿರುತ್ತದೆ. ಎಷ್ಟೋ ಕಡೆ ಕೊಳದ ಹೆಸರೇ ಇರುವುದಿಲ್ಲ, ‘ಸ್ಪೋರ್ಟ್ಸ್ ಸೆಂಟರ್’ ಎಂಬ ಕಟ್ಟಡದೊಳಗೆ ಅಡಗಿರುತ್ತದೆ. ಟೋಕಿಯೊದಲ್ಲಿ ‘ಕು’ ಎಂದು ಕರೆಯುವ 23 ವಾರ್ಡುಗಳಿವೆ. ನಮ್ಮ ಬೆಂಗಳೂರಿನ ವಾರ್ಡಿನಷ್ಟು ಚಿಕ್ಕವಲ್ಲ, ಒಂದೊಂದೂ ಒಂದು ನಗರಸಭೆಯ ಹಾಗೆ. ಭಾರತೀಯರು ಹೆಚ್ಚಾಗಿರುವ ನಿಶಿ-ಕಸಾಯ್‌ನಲ್ಲೇ ಎದೊಗಾವಾ ವಾರ್ಡಿನ ಸ್ಪೋರ್ಟ್ಸ್ ಸೆಂಟರ್ ಇದೆ, ಒಳಗೆ ಕೊಳವೂ ಇದೆ. ಅದರ ಮುಂದೆಯೇ ಓಡಾಡಿಕೊಂಡು ಕೊಳ ಎಲ್ಲಿದೆ ಎಂದು ಕೇಳುವವರನ್ನು ನೋಡಿದ್ದೇನೆ.

ದೊಡ್ಡ ಕೊಳವೇ ಬೇಕೆಂದರೆ ಸೆಂದಗಾಯಾ ರೈಲು ನಿಲ್ದಾಣದ ಎದುರಿಗಿರುವ ಟೋಕಿಯೊ ಮೆಟ್ರೊಪಾಲಿಟನ್ ಜಿಮ್ನೇಷಿಯಂನಲ್ಲಿ 25 ಮೀಟರಿನದೂ ಇದೆ, 50 ಮೀಟರಿನದೂ ಇದೆ. 2021ರಲ್ಲಿ ನಡೆದ ಒಲಿಂಪಿಕ್ಸ್‌ಗಾಗಿ ಕಟ್ಟಿದ ಟೋಕಿಯೊ ಆಕ್ವಾಟಿಕ್ಸ್ ಸೆಂಟರ್ 2023ರಿಂದ ಜನಸಾಮಾನ್ಯರಿಗೂ ತೆರೆದಿದೆ. ಆದರೆ ಮೊದಲ ಸಲಕ್ಕೆ ನನ್ನ ಸಲಹೆ ಮನೆ ಹತ್ತಿರದ 25 ಮೀಟರಿನ ವಾರ್ಡ್ ಕೊಳ. ಅಲ್ಲಿ ಆಳ ಸಾಮಾನ್ಯವಾಗಿ ಎದೆಮಟ್ಟ. 50 ಮೀಟರಿನ ಕೊಳಗಳಲ್ಲಿ ನಡುವೆ ಕಾಲಿಗೆ ನೆಲ ಸಿಗದೆ ಗಾಬರಿ ಬೀಳುವವರುಂಟು.

ಒಳಾಂಗಣ ಕೊಳಗಳ ನೀರು ವರ್ಷವಿಡೀ ಸುಮಾರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಜನವರಿಯಲ್ಲೂ ಧಾರಾಳವಾಗಿ ಈಜಬಹುದು. ಎಷ್ಟೋ ಕೊಳಗಳಿಗೆ ಈ ಬಿಸಿ ಬರುವುದು ಪಕ್ಕದ ಕಸ ಸುಡುವ ಸ್ಥಾವರದಿಂದ. ಇಕೆಬುಕುರೊದಲ್ಲಿ 210 ಮೀಟರ್ ಎತ್ತರದ ಬಿಳಿ ಚಿಮಣಿ ಕಾಣುತ್ತದಲ್ಲ, ಅದು ತೊಶಿಮಾ ವಾರ್ಡಿನ ಕಸದ ಸ್ಥಾವರದ್ದು. ಪಕ್ಕದ ಕಟ್ಟಡದಲ್ಲೇ ಕೊಳವಿದೆ. ಇಂಥ ಕಡೆ ಸ್ಥಾವರದ ದುರಸ್ತಿ ನಡೆಯುವಾಗ ಕೊಳವನ್ನೂ ಮುಚ್ಚುವುದುಂಟು.

ಹಂತ 2: ದಿನ, ಹೊತ್ತು ನೋಡಿಕೊಳ್ಳಿ

ಬಾಗಿಲ ತನಕ ಹೋಗಿ ವಾಪಸ್ ಬರುವವರೆಲ್ಲ ಸೋಲುವುದು ಇಲ್ಲಿ. ಕೊಳದ ವೆಬ್‌ಸೈಟನ್ನು ಫೋನಿನ ಅನುವಾದಕ್ಕೆ ಹಾಕಿ ಎರಡು ಸಂಗತಿ ನೋಡಿ.

ಮೊದಲನೆಯದು ‘ಕ್ಯೂಕಾನ್‌ಬಿ’, ಅಂದರೆ ರಜಾದಿನ. ಬಹಳ ಕಡೆ ಸೋಮವಾರ. ಆ ಸೋಮವಾರ ಸರ್ಕಾರಿ ರಜೆಯಾಗಿದ್ದರೆ ಅಂದು ತೆರೆದು ಮಂಗಳವಾರ ಮುಚ್ಚುತ್ತಾರೆ. ವರ್ಷದ ಕೊನೆಗೆ ಕೆಲವು ದಿನ ಎಲ್ಲವೂ ಬಂದ್.

ಎರಡನೆಯದು ಆ ಹೊತ್ತು ‘ಕೊಜಿನ್ ರಿಯೋ’ (ಒಂಟಿಯಾಗಿ ಬಂದವರಿಗೆ ಮುಕ್ತ) ಇದೆಯೋ ‘ಕಾಶಿಕಿರಿ’ (ಪೂರ್ತಿ ಕಾಯ್ದಿರಿಸಿದ್ದು) ಇದೆಯೋ ಎಂಬುದು. ಶಾಲೆಯ ಪಂದ್ಯ, ಈಜು ತರಗತಿ, ಕ್ಲಬ್ಬಿನ ಅಭ್ಯಾಸ ಇದ್ದರೆ ಇಡೀ ಕೊಳ ಅಥವಾ ಅರ್ಧ ಕೊಳ ನಿಮಗಿಲ್ಲ. ತಿಂಗಳ ವೇಳಾಪಟ್ಟಿಯನ್ನು ಬಣ್ಣದ ಚೌಕಗಳಲ್ಲಿ ಹಾಕಿರುತ್ತಾರೆ, ಆ ಪಟ್ಟಿ ಓದುವುದನ್ನು ಒಮ್ಮೆ ಕಲಿತುಬಿಡಿ. ಮುಚ್ಚುವ ಸಮಯಕ್ಕೆ ಸುಮಾರು ಒಂದು ಗಂಟೆ ಮೊದಲೇ ಪ್ರವೇಶ ನಿಲ್ಲಿಸುವ ಕೊಳಗಳೂ ಇವೆ. ಒಂಬತ್ತಕ್ಕೆ ಮುಚ್ಚುತ್ತಾರೆಂದು ಎಂಟೂವರೆಗೆ ಓಡಬೇಡಿ.

ಹಂತ 3: ಚೀಲಕ್ಕೆ ಏನೇನು ಹಾಕಬೇಕು

ಟೋಪಿ ಮೊದಲು. ಜಪಾನಿಯಲ್ಲಿ ‘ಸುಯ್‌ಎಯ್‌ಬೋ’ ಅಥವಾ ‘ಸುಯಿಮು ಕ್ಯಾಪ್ಪು’. ತಲೆ ಬೋಳಾಗಿದ್ದರೂ ಬೇಕು! ಬಟ್ಟೆಯದೋ ಜಾಲರಿಯದೋ ಸಿಲಿಕೋನಿನದೋ, ಯಾವುದಾದರೂ ಸರಿ. ಉದ್ದ ಜಡೆಯವರು ತುರುಬು ಕಟ್ಟಿ ಪೂರ್ತಿ ಒಳಗೆ ತೂರಿಸಬೇಕು. ಸಿಲಿಕೋನ್ ಟೋಪಿ ಜಾರುತ್ತದೆ, ಜಾಲರಿಯ ದೊಡ್ಡ ಅಳತೆಯದು ನಮ್ಮ ಕೂದಲಿಗೆ ಅನುಕೂಲ. ಮರೆತು ಬಂದವರಿಗೆ ಹಲವು ಕೊಳಗಳ ಕೌಂಟರಿನಲ್ಲಿ ಮಾರುತ್ತಾರೆ, ಕೆಲವು ಕಡೆ ಬಾಡಿಗೆಗೂ ಕೊಡುತ್ತಾರೆ.

ಈಜುಡುಗೆ. ಒಳಚಡ್ಡಿಯ ಮೇಲೆ ಬರ್ಮುಡಾ ಹಾಕಿಕೊಂಡು ಇಳಿಯುವ ನಮ್ಮೂರ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಕಾಟನ್ ಟೀ ಶರ್ಟೂ ಇಲ್ಲ. ಗಂಡಸರಿಗೆ ಮೊಣಕಾಲಿನ ತನಕ ಬರುವ ಬಿಗಿಯಾದ ಈಜುಚಡ್ಡಿ ಸರಿ. ಹೆಂಗಸರು ಬಹಳ ಜನ ಮುಜುಗರಪಟ್ಟುಕೊಂಡು ಹೋಗುವುದನ್ನೇ ಬಿಟ್ಟಿರುತ್ತಾರೆ. ಅವರಿಗೆ ಒಂದು ಮಾತು: ಇಲ್ಲಿನ ಕ್ರೀಡಾ ಅಂಗಡಿಗಳಲ್ಲಿ ‘ಫಿಟ್ಟೊನೆಸು ಮಿಝುಗಿ’ ಎಂದು ಕೇಳಿ. ಅರ್ಧ ತೋಳಿನ ಮೇಲಂಗಿ, ಮೊಣಕಾಲಿನ ತನಕ ಬರುವ ಕೆಳಭಾಗ, ಎರಡೂ ಬೇರೆ ಬೇರೆ. ವಾರ್ಡಿನ ಕೊಳದಲ್ಲಿ ಕಾಣುವ ಹೆಂಗಸರಲ್ಲಿ ಮುಕ್ಕಾಲು ಜನ ತೊಟ್ಟಿರುವುದು ಅದನ್ನೇ. ಬಿಕಿನಿ ಇಲ್ಲಿ ಅಪರೂಪ, ತೊಟ್ಟರೆ ಎದ್ದು ಕಾಣುವುದು ನೀವೇ.

ಈಜುಕನ್ನಡಕ ಪ್ಲಾಸ್ಟಿಕ್ಕಿನದಿರಲಿ, ಗಾಜಿನದಕ್ಕೆ ನಿಷೇಧ. ಮಾಮೂಲಿ ಕನ್ನಡಕ ಹಾಕಿಕೊಂಡು ನೀರಿಗಿಳಿಯಲು ಹೆಚ್ಚಿನ ಕಡೆ ಬಿಡುವುದಿಲ್ಲ. ದೃಷ್ಟಿದೋಷ ಇರುವವರು ‘ದೊ-ತ್ಸುಕಿ’ ಎಂದು ಬರೆದ, ಪವರ್ ಇರುವ ಈಜುಕನ್ನಡಕ ಕೊಳ್ಳಿ; ಸಿದ್ಧವಾಗಿಯೇ ಸಿಗುತ್ತದೆ.

ಇನ್ನು ಒಂದು ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಮುಚ್ಚಳವಿರುವ ನೀರಿನ ಬಾಟಲಿ. ನೂರು ಯೆನ್ನಿನ ಎರಡು ಮೂರು ನಾಣ್ಯ ಮತ್ತು ಸಾವಿರದ ನೋಟು ಕಡ್ಡಾಯ ಎಂದೇ ತಿಳಿಯಿರಿ. ಯಾಕೆಂದು ಐದನೆಯ, ಆರನೆಯ ಹಂತಗಳಲ್ಲಿ ಹೇಳುತ್ತೇನೆ. ಕೈಗೆ ಹಾಕುವ ಪ್ಯಾಡಲ್, ಕಾಲಿನ ಫಿನ್, ಸ್ನಾರ್ಕೆಲ್ ಮನೆಯಲ್ಲೇ ಇರಲಿ. ತೇಲುವ ಹಲಗೆಯನ್ನು (‘ಬೀಟೊ-ಬಾನ್’) ಕೊಳದವರೇ ಇಟ್ಟಿರುತ್ತಾರೆ.

ಹಂತ 4: ಮೈಮೇಲೆ ಏನೇನು ಇರಬಾರದು

ಸರ, ಓಲೆ, ಉಂಗುರ, ಬಳೆ, ಕೈಗಡಿಯಾರ ಎಲ್ಲ ತೆಗೆಯಬೇಕು. ಬೇರೆಯವರಿಗೆ ಗೀರಬಹುದು, ಕಿತ್ತು ಬಿದ್ದದ್ದು ಸೋಸುವ ಯಂತ್ರಕ್ಕೆ ಹೋಗಬಹುದು ಎಂಬುದು ಅವರ ಕಾರಣ. ನಮ್ಮಲ್ಲಿ ತೆಗೆಯುವುದೆಂದರೆ ಅಷ್ಟು ಸುಲಭವೇ? ಮಾಂಗಲ್ಯ, ಕಾಲುಂಗುರ, ಮೂಗುಬೊಟ್ಟು ಇವೆ. ಮಾಂಗಲ್ಯವನ್ನು ಮನೆಯಲ್ಲೇ ತೆಗೆದಿಟ್ಟು ಬರುವುದು ಒಳ್ಳೆಯದು, ಲಾಕರಿನಲ್ಲಿಟ್ಟು ಚಡಪಡಿಸುವುದಕ್ಕಿಂತ. ಬಿಗಿಯಾಗಿ ಕೂತು ಬರದೇ ಇರುವ ಕಾಲುಂಗುರ, ಮೂಗುಬೊಟ್ಟುಗಳ ಬಗ್ಗೆ ಮೊದಲೇ ಕೌಂಟರಿನಲ್ಲಿ ತೋರಿಸಿ ಕೇಳಿ. ಮೇಲೆ ಟೇಪು ಸುತ್ತಿಕೊಳ್ಳಿ ಎಂದು ಹೇಳಬಹುದು, ಬೇಡ ಎಂದೂ ಹೇಳಬಹುದು, ನಿರ್ಧಾರ ಅವರದು. ಜನಿವಾರ, ಉಡಿದಾರ ಈಜುಡುಗೆಯೊಳಗೆ ಸೇರಿಸಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಮಾರ್ಟ್‌ವಾಚಿಗೆ ಕೆಲವು ಕಡೆ ಕವರ್ ಹಾಕಿದರೆ ಅನುಮತಿಯಿದೆ, ಬಹಳ ಕಡೆ ಇಲ್ಲ. ಎಣಿಕೆಗೆ ಬೆರಳಿದೆಯಲ್ಲ.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಕೊಳಕ್ಕೆ ಹೋಗಲೇಬೇಡಿ. ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಮಧ್ಯಾಹ್ನ ಈಜಿಗೆ ಹೊರಡುವವರು ನಮ್ಮಲ್ಲಿದ್ದಾರೆ, ಟೋಪಿ ಹಾಕಿದರೂ ಅಂಚಿನಿಂದ ಎಣ್ಣೆ ಇಳಿಯುತ್ತದೆ. ಮುಖದ ಕ್ರೀಮು, ಸನ್‌ಸ್ಕ್ರೀನು, ಮೇಕಪ್ಪು, ಕಣ್ಣಕಪ್ಪು, ಕುಂಕುಮ ಎಲ್ಲ ತೊಳೆದು ಬರಬೇಕು. ಗಾಯದ ಪಟ್ಟಿಯನ್ನೂ ಕಿತ್ತುಹಾಕಲು ಹೇಳುತ್ತಾರೆ. ರಕ್ತ ಒಸರುವ ಗಾಯವಿದ್ದರೆ ಆ ದಿನ ಬೇಡ.

ಹಚ್ಚೆಯ ವಿಷಯ ಬೇರೆಯೇ. ಜಪಾನಿನಲ್ಲಿ ಹಚ್ಚೆ ಎಂದರೆ ಯಾಕುಝಾ, ಅಂದರೆ ಭೂಗತ ಗುಂಪಿನವರು ಎಂಬ ಹಳೆಯ ನಂಟು ಇನ್ನೂ ಹೋಗಿಲ್ಲ. ಕೆಲವು ಕೊಳಗಳಲ್ಲಿ ಪ್ರವೇಶವೇ ಇಲ್ಲ, ಕೆಲವು ಕಡೆ ಮುಚ್ಚಿಕೊಂಡರೆ ಸರಿ. ಉದ್ದ ತೋಳಿನ ‘ರಾಶ್ಶು ಗಾಡೊ’ (ಮೈಗಂಟುವ ಈಜು ಅಂಗಿ) ಇದಕ್ಕೆ ಒಳ್ಳೆಯ ಪರಿಹಾರ. ಚಿಕ್ಕದಾದರೆ ನೀರು ತಾಗಿದರೂ ಬಿಡದ, ಮೈಬಣ್ಣದ ಅಂಟುಪಟ್ಟಿ ಸಾಕಾಗಬಹುದು. ಮದುವೆ, ಹಬ್ಬಕ್ಕೆ ಹಾಕಿದ ಮೆಹಂದಿಯನ್ನೂ ದೂರದಿಂದ ಹಚ್ಚೆ ಎಂದೇ ಭಾವಿಸುತ್ತಾರೆ. ಮಾಸುವವರೆಗೆ ಕಾಯಿರಿ ಅಥವಾ ಮೊದಲೇ ತಿಳಿಸಿ. ಊರಿಂದ ಬಂದ ಅಜ್ಜಿಯ ಮುಂಗೈಯಲ್ಲಿ ಹಸಿರು ಹಚ್ಚೆ ಇದ್ದರೆ ಅವರಿಗೂ ಇದೇ ನಿಯಮ. ಪಾಪ ಅನ್ನಿಸುತ್ತದೆ, ಆದರೆ ಬಾಗಿಲಲ್ಲಿ ವಾದ ಮಾಡಿ ಗೆಲ್ಲುವ ವಿಷಯವಲ್ಲ.

ಹಂತ 5: ಟಿಕೆಟ್ ಯಂತ್ರ

ಒಳಗೆ ಹೋದ ಕೂಡಲೇ ಕಾಣುವ, ಗುಂಡಿಗಳು ತುಂಬಿದ ಯಂತ್ರವೇ ‘ಕೆನ್‌ಬಾಯ್ಕಿ’. ದುಡ್ಡು ಹಾಕಿದ ಮೇಲೆ ಗುಂಡಿಗಳು ಬೆಳಗುತ್ತವೆ. ದೊಡ್ಡವರಿಗೆ ‘ಒತೊನಾ’ ಅಥವಾ ‘ಇಪ್ಪಾನ್’, ಮಕ್ಕಳಿಗೆ ‘ಕೊದೊಮೊ’. ಒತೊನಾ ಎಂಬುದರಲ್ಲಿ ಎರಡು ಅಕ್ಷರ: ಮೊದಲನೆಯದು ಕೈ ಚಾಚಿ ಕಾಲಗಲಿಸಿ ನಿಂತ ಮನುಷ್ಯನ ಹಾಗೆ, ಎರಡನೆಯದು ಬರೀ ಎರಡು ಕಾಲು. ಮೊದಲನೆಯದರ ಅರ್ಥ ದೊಡ್ಡ, ಎರಡನೆಯದರದು ಮನುಷ್ಯ. ಇಷ್ಟು ಗುರುತಿದ್ದರೆ ಅನುವಾದ ಬೇಡ.

ಬೆಲೆ ಊರಿನಿಂದ ಊರಿಗೆ ಬೇರೆ. ದೊಡ್ಡವರಿಗೆ ಸಾಮಾನ್ಯವಾಗಿ 300ರಿಂದ 800 ಯೆನ್ ಒಳಗೆ. ಹಲವು ಕಡೆ ಅದು ಎರಡು ಗಂಟೆಯ ಲೆಕ್ಕ, ಮೀರಿದರೆ ಹೊರಬರುವಾಗ ಹೆಚ್ಚುವರಿ ಕಟ್ಟಬೇಕು. ಬಟ್ಟೆ ಬದಲಿಸುವುದೂ ಆ ಎರಡು ಗಂಟೆಯೊಳಗೇ ಬರುತ್ತದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ಆ ವಾರ್ಡಿನ ನಿವಾಸಿಗಳಿಗೆ ಕಡಿಮೆ ದರ ಇರುವ ಕಡೆ ನಿಮ್ಮ ‘ಝಾಯ್ರ್ಯೂ ಕಾರ್ಡ್’ (ವಿದೇಶಿಯರ ನಿವಾಸ ಚೀಟಿ) ತೋರಿಸಿ. ಪ್ರವಾಸಕ್ಕೆ ಬಂದವರು ಪೂರ್ತಿ ದರ ಕೊಟ್ಟು ಹೋಗಬಹುದು.

ಇನ್ನು ನೋಟಿನ ಕಥೆ. ಹಳೆಯ ಯಂತ್ರಗಳು ಸಾವಿರ ಯೆನ್ ನೋಟನ್ನು ಮಾತ್ರ ನುಂಗುತ್ತವೆ, ಹತ್ತು ಸಾವಿರದ್ದನ್ನು ವಾಪಸ್ ಉಗುಳುತ್ತವೆ. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದವು. ಆ ಹೊಸ ಸಾವಿರವನ್ನೂ ಒಪ್ಪದ ಯಂತ್ರ ಎದುರಾದರೆ ಕೌಂಟರಿನವರ ಹತ್ತಿರ ಚಿಲ್ಲರೆ ಕೇಳಿ. ಟಿಕೆಟ್ ಕೊಡುವಾಗ ‘ಹಾಜಿಮೆತೆ ದೆಸು’ ಎನ್ನಿ. ‘ಮೊದಲ ಸಲ ಬಂದಿದ್ದೇನೆ’ ಎಂದರ್ಥ. ಈ ಲೇಖನದಲ್ಲಿ ಒಂದೇ ಒಂದು ಮಾತು ಬಾಯಿಪಾಠ ಮಾಡುವುದಾದರೆ ಇದನ್ನೇ ಮಾಡಿ. ಅಷ್ಟು ಹೇಳಿದರೆ ಚಿತ್ರಗಳಿರುವ ಹಾಳೆ ತೆಗೆದು, ಬೆರಳಿಟ್ಟು ಒಂದೊಂದೇ ತೋರಿಸುತ್ತಾರೆ.

ಹಂತ 6: ಬಟ್ಟೆ ಬದಲಿಸುವ ಕೋಣೆ

ಹೊಸ್ತಿಲ ಹತ್ತಿರವೇ ಚಪ್ಪಲಿ ಬಿಡಿ, ಗೂಡಿನಲ್ಲಿಡಿ. ಇದನ್ನಂತೂ ಕನ್ನಡಿಗರಿಗೆ ಹೇಳಬೇಕಿಲ್ಲ.

ಬಾಗಿಲ ಮೇಲಿನ ಅಕ್ಷರ ತಪ್ಪಿದರೆ ಮಾತ್ರ ಫಜೀತಿ. ಗಂಡಸರ ಅಕ್ಷರದಲ್ಲಿ ಮೇಲೆ ನಾಲ್ಕು ಚೌಕದ ಗದ್ದೆ, ಕೆಳಗೆ ಬಲ ಎಂಬರ್ಥದ ಗುರುತು. ಗದ್ದೆಯಲ್ಲಿ ದುಡಿಯುವವನು ಎಂದು ನೆನಪಿಟ್ಟುಕೊಳ್ಳಿ. ಹೆಂಗಸರದ್ದರಲ್ಲಿ ಚೌಕವೇ ಇಲ್ಲ, ಒಂದನ್ನೊಂದು ದಾಟುವ ಮೂರು ಗೆರೆ. ಬಹಳ ಕಡೆ ನೀಲಿ, ಕೆಂಪು ಬಣ್ಣವೂ ಇರುತ್ತದೆ.

ಲಾಕರಿಗೆ ನೂರು ಯೆನ್ ನಾಣ್ಯ ಹಾಕಿದರೆ ಬೀಗದ ಕೈ ತಿರುಗುತ್ತದೆ. ಹೆಚ್ಚಿನವು ಕೊನೆಗೆ ನಾಣ್ಯವನ್ನು ವಾಪಸ್ ಕೊಡುತ್ತವೆ, ಅದನ್ನು ತೆಗೆದುಕೊಳ್ಳಲು ಮರೆಯಬೇಡಿ. ಕೀಲಿಯನ್ನು ಮುಂಗೈಗೋ ಕಾಲಿಗೋ ಕಟ್ಟಿಕೊಳ್ಳುವ ಪಟ್ಟಿ ಇರುತ್ತದೆ. ಟವೆಲ್ ಸುತ್ತಿಕೊಂಡು ಬಟ್ಟೆ ಬದಲಿಸುವುದು ವಾಡಿಕೆ, ಪರದೆಯ ಗೂಡೂ ಒಂದೆರಡು ಇರುತ್ತದೆ. ಈ ಕೋಣೆಯಲ್ಲಿ ಫೋನ್ ಹೊರಗೆ ತೆಗೆಯಬೇಡಿ. ಸಂದೇಶ ನೋಡಲು ತೆಗೆದರೂ ಫೋಟೊ ತೆಗೆಯುತ್ತಿದ್ದೀರೆಂಬ ಅನುಮಾನ ಬರುತ್ತದೆ, ಇದರಲ್ಲಿ ಅವರಿಗೆ ತಮಾಷೆ ಇಲ್ಲ. ಕೊಳದ ಬದಿಯಲ್ಲೂ ಅಷ್ಟೇ. ಮಗು ಮೊದಲ ಸಲ ಕಾಲು ಬಡಿದ ಸಂಭ್ರಮವನ್ನು ಕಣ್ಣಲ್ಲೇ ತುಂಬಿಕೊಳ್ಳಿ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಓದಿ

ಡೈಪರ್ ಬಿಡದ ಮಕ್ಕಳಿಗೆ ಹೆಚ್ಚಿನ ಸಾರ್ವಜನಿಕ ಕೊಳಗಳಲ್ಲಿ ಪ್ರವೇಶವಿಲ್ಲ, ನೀರಿನ ಡೈಪರ್ ಹಾಕಿದರೂ ಇಲ್ಲ. ‘ಒಮುತ್ಸು’ ಎಂಬ ಪದ ಕಂಡರೆ ಅದು ಡೈಪರಿನ ಮಾತು. ಸಣ್ಣ ಮಕ್ಕಳ ಜೊತೆ ದೊಡ್ಡವರು ನೀರಿನೊಳಗೇ ಇರಬೇಕು, ಈಜುಡುಗೆ ಮತ್ತು ಟೋಪಿ ಸಮೇತ. ಪ್ಯಾಂಟು ಮಡಿಚಿಕೊಂಡು ದಡದಲ್ಲಿ ಕೂತು ನೋಡಿಕೊಳ್ಳುತ್ತೇನೆ ಎಂದರೆ ಒಪ್ಪುವುದಿಲ್ಲ. ಒಬ್ಬರು ಎಷ್ಟು ಮಕ್ಕಳನ್ನು ಕರೆತರಬಹುದು ಎಂಬುದಕ್ಕೂ ಮಿತಿಯಿದೆ, ಇಬ್ಬರು ಎಂಬುದು ಸಾಮಾನ್ಯ. ಶಾಲೆಗೆ ಹೋಗುವ ವಯಸ್ಸಿನ ಮಗನನ್ನು ಅಮ್ಮ ಹೆಂಗಸರ ಕೋಣೆಗೆ ಕರೆದೊಯ್ಯುವಂತಿಲ್ಲ. ಲಾಕರ್ ಹಾಕುವುದು, ಟೋಪಿ ಹಾಕಿಕೊಳ್ಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಕುಟುಂಬಕ್ಕೆಂದೇ ಪ್ರತ್ಯೇಕ ಕೋಣೆ ಇದೆಯೇ ಎಂದು ಕೌಂಟರಿನಲ್ಲಿ ಕೇಳಿ ನೋಡಿ.

ಹಂತ 7: ನೀರಿಗಿಳಿಯುವ ಮೊದಲು ಸ್ನಾನ

ಬಟ್ಟೆ ಬದಲಿಸುವ ಕೋಣೆಯಿಂದ ಕೊಳಕ್ಕೆ ಹೋಗುವ ದಾರಿಯಲ್ಲೇ ಶವರ್ ಇರುತ್ತದೆ. ಕೆಲವು ಕಡೆ ಅದೊಂದು ಸಣ್ಣ ಓಣಿ, ಕಾಲಿಟ್ಟ ಕೂಡಲೇ ಎರಡೂ ಕಡೆಯಿಂದ ನೀರು ತಾನಾಗಿ ಎರಚುತ್ತದೆ. ಓಡಿ ದಾಟಬೇಡಿ, ನಿಂತು ತಲೆ, ಕಂಕುಳು, ಕಾಲು ತೊಳೆದುಕೊಳ್ಳಿ. ಸೋಪು, ಶಾಂಪೂ ಬಳಸುವಂತಿಲ್ಲ ಎಂದು ಬರೆದಿರುವುದೇ ಹೆಚ್ಚು; ಬರೀ ನೀರು.

ಈ ಹಟ ಯಾಕೆಂದರೆ ಸರ್ಕಾರದ ಮಾನದಂಡದಂತೆ ಕೊಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.4 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 1.0 ದಾಟದಿರುವುದು ಒಳ್ಳೆಯದು. ಬೆವರು, ಎಣ್ಣೆ, ಕ್ರೀಮು ನೀರಿಗೆ ಬಿದ್ದಷ್ಟೂ ಕ್ಲೋರಿನ್ ಅದರಲ್ಲೇ ಖರ್ಚಾಗುತ್ತದೆ. ಬೆವರಿನ ಜೊತೆ ಸೇರಿ ಹುಟ್ಟುವ ಕ್ಲೋರಮೈನ್ ಎಂಬುದೇ ಕೊಳದ ಘಾಟು ವಾಸನೆಗೂ ಕಣ್ಣುರಿಗೂ ಕಾರಣ. ನೂರು ಜನ ಎರಡು ನಿಮಿಷ ಮೈ ತೊಳೆದು ಇಳಿದರೆ ಅಷ್ಟು ವಾಸನೆ ಕಡಿಮೆ.

ಹಂತ 8: ಲೇನ್ ಆರಿಸಿಕೊಳ್ಳುವುದು

ಎಲ್ಲಿ ಬೇಕೋ ಅಲ್ಲಿ ಇಳಿಯುವಂತಿಲ್ಲ. ಪ್ರತಿ ಲೇನಿನ ತುದಿಯಲ್ಲಿ ಒಂದು ಫಲಕ ಇರುತ್ತದೆ, ಇಳಿಯುವ ಮೊದಲು ಅರ್ಧ ನಿಮಿಷ ನಿಂತು ಒಳಗಿರುವವರು ಏನು ಮಾಡುತ್ತಿದ್ದಾರೆ ನೋಡಿ.

‘ಹೋಕೋ’ ಅಥವಾ ‘ಉವೋಕಿಂಗು’ ಎಂದಿದ್ದರೆ ನೀರಿನಲ್ಲಿ ನಡೆಯುವವರ ಲೇನು. ವಯಸ್ಸಾದವರೇ ಹೆಚ್ಚು. ಊರಿಂದ ಬಂದ ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ, ಈಜು ಬರದಿದ್ದರೂ ಇಲ್ಲಿ ನಡೆಸಬಹುದು. ಅವರಿಗೆ ಇದರಷ್ಟು ಹಿತವಾದದ್ದು ಟೋಕಿಯೊದಲ್ಲಿ ನಾನು ಬೇರೆ ಕಂಡಿಲ್ಲ. ‘ಫುರೀ’ ಎಂದಿದ್ದರೆ ಮುಕ್ತ ಜಾಗ: ಆಟ, ಕಲಿಕೆ, ನಿಂತು ಮಾತು ಎಲ್ಲ ನಡೆಯುತ್ತದೆ. ‘ಕಾನ್‌ಎಯ್’ ಎಂದಿದ್ದರೆ ಹುಷಾರು. ಈ ಕೊನೆಯಿಂದ ಆ ಕೊನೆಗೆ ನಡುವೆ ಎಲ್ಲೂ ನಿಲ್ಲದೆ ಈಜುವವರ ಲೇನು ಅದು. ಹದಿನೈದು ಮೀಟರಿಗೆ ಉಸಿರು ಕಟ್ಟಿ ನಿಂತುಬಿಟ್ಟರೆ ಹಿಂದೆ ಸಾಲಾಗಿ ಬರುತ್ತಿರುವ ನಾಲ್ಕು ಜನ ನಿಲ್ಲಬೇಕಾಗುತ್ತದೆ. 25 ಮೀಟರ್ ನಿಲ್ಲದೆ ಮುಗಿಸುವ ಭರವಸೆ ಇಲ್ಲದಿದ್ದರೆ ಅತ್ತ ಹೋಗಬೇಡಿ.

ಈಗ ನಮ್ಮವರು ತಪ್ಪದೆ ಡಿಕ್ಕಿ ಹೊಡೆಯುವ ವಿಷಯ. ಜಪಾನಿನ ರಸ್ತೆಯಲ್ಲಿ ಗಾಡಿ ಓಡುವುದು ನಮ್ಮ ಹಾಗೆ ಎಡಗಡೆ, ಕೊಳದಲ್ಲಿ ಮಾತ್ರ ‘ಮಿಗಿಗಾವಾ ತ್ಸೂಕೋ’, ಬಲಗಡೆಯ ಸಂಚಾರ. ಲೇನಿನ ತಳದಲ್ಲಿ ಎಳೆದ ಗೆರೆ ನಿಮ್ಮ ಎಡಗೈಗೆ ಬರಬೇಕು. ಹೋಗುವಾಗ ಬಲ ಅಂಚು, ತಿರುಗಿ ಬರುವಾಗಲೂ ನಿಮ್ಮ ಬಲ ಅಂಚು. ಕೆಲವು ಕಡೆ ಒಂದು ಲೇನು ಹೋಗುವುದಕ್ಕೆ, ಪಕ್ಕದ್ದು ಬರುವುದಕ್ಕೆ. ಬಾಣದ ಗುರುತು ನೋಡಿ.

ಮುಂದಿನವರನ್ನು ಹಿಂದಿಕ್ಕಬೇಡಿ, ಕಾಲು ತಾಗುವಷ್ಟು ಹತ್ತಿರವೂ ಹೋಗಬೇಡಿ. ಹಿಂದಿನವರು ನಿಮಗಿಂತ ವೇಗವಾಗಿದ್ದರೆ ಗೋಡೆ ಮುಟ್ಟಿದಾಗ ಮೂಲೆಗೆ ಸರಿದು ‘ಓಸಾಕಿನಿ ದೋಝೊ’ (ನೀವು ಮುಂದೆ ಹೋಗಿ) ಎನ್ನಿ. ಈಜು ಮುಗಿಸಿ ಗೋಡೆಯ ನಟ್ಟನಡುವೆ ಒರಗಿ ನಿಂತರೆ ಬಂದವರಿಗೆ ತಿರುಗಲು ಜಾಗವಿಲ್ಲ.

ಬಾವಿಗೆ ಧುಮುಕಿ ಈಜು ಕಲಿತವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಕಾಲು ಮೊದಲು ಎಳೆಯುವುದು ದಡದ ಅಂಚಿಗೆ. ಬೇಡ. ‘ತೊಬಿಕೊಮಿ’ ಎಂದರೆ ಧುಮುಕುವುದು, ‘ಕಿನ್‌ಶಿ’ ಎಂದರೆ ನಿಷೇಧ. ಎದೆಮಟ್ಟದ ನೀರಿಗೆ ತಲೆಕೆಳಗಾಗಿ ಬಿದ್ದರೆ ಕುತ್ತಿಗೆ ಮುರಿಯುತ್ತದೆ. ಏಣಿ ಹಿಡಿದು ಅಥವಾ ಅಂಚಿನಲ್ಲಿ ಕೂತು ಜಾರಿ ಇಳಿಯಿರಿ. ತಳದಲ್ಲಿ ಉಸಿರು ಹಿಡಿದು ಮುಳುಗಿ ಹೋಗುವ ಆಟಕ್ಕೂ (‘ಸೆನ್‌ಸುಯ್’) ನಿಷೇಧವಿದೆ.

ಹಂತ 9: ಶಿಳ್ಳೆ ಊದಿದರೆ ಮೇಲೆ ಬನ್ನಿ

ಮೊದಲ ಸಲ ಈ ಶಿಳ್ಳೆ ಕೇಳಿದಾಗ ನಾನೇ ಏನೋ ತಪ್ಪು ಮಾಡಿದೆನೆಂದು ಎದೆ ಧಸಕ್ಕೆಂದಿತ್ತು. ಹಾಗೇನಿಲ್ಲ. ಹೆಚ್ಚಿನ ಕೊಳಗಳಲ್ಲಿ ಗಂಟೆಗೊಮ್ಮೆ ಐದು ಅಥವಾ ಹತ್ತು ನಿಮಿಷ ‘ಕ್ಯೂಕೇಯ್’, ಅಂದರೆ ವಿರಾಮ. ಧ್ವನಿವರ್ಧಕದಲ್ಲಿ ಸಂಗೀತವೋ ಘೋಷಣೆಯೋ ಬರುತ್ತದೆ, ಶಿಳ್ಳೆ ಕೇಳುತ್ತದೆ, ಎಲ್ಲರೂ ಒಬ್ಬರ ಹಿಂದೊಬ್ಬರು ಮೇಲೆ ಹತ್ತುತ್ತಾರೆ. ಇನ್ನೊಂದು ಸುತ್ತು ಮುಗಿಸಿ ಬರುತ್ತೇನೆ ಎನ್ನುವಂತಿಲ್ಲ. ಈ ಹೊತ್ತಿನ ಅಕ್ಷರ ನೆನಪಿಡಲು ಸುಲಭ: ಎಡಕ್ಕೆ ಮನುಷ್ಯ, ಬಲಕ್ಕೆ ಮರ, ಮರಕ್ಕೊರಗಿ ದಣಿವಾರಿಸಿಕೊಳ್ಳುವವನು. ರಜಾದಿನದ ‘ಕ್ಯೂ’ ಕೂಡ ಇದೇ ಅಕ್ಷರ.

ಕೊಳ ಖಾಲಿಯಾದಾಗ ಗಮನಿಸಿ. ನೀರು ನಿಧಾನಕ್ಕೆ ಅಲುಗಾಡುವುದನ್ನು ನಿಲ್ಲಿಸಿ, ತಳದ ಗೆರೆಗಳು ನೆಟ್ಟಗಾಗುತ್ತವೆ. ಆಗ ‘ಕಾನ್‌ಶಿಇನ್’, ಅಂದರೆ ಕಾವಲಿನವರು, ಅಂಚಿನುದ್ದಕ್ಕೂ ನಡೆಯುತ್ತ ತಳವನ್ನು ಕಣ್ಣಿಟ್ಟು ನೋಡುತ್ತಾರೆ. ಕೆಳಗೆ ಏನಾದರೂ ಬಿದ್ದಿದೆಯೇ, ಯಾರಾದರೂ ಉಳಿದಿದ್ದಾರೆಯೇ, ನೀರು ಎಳೆಯುವ ಬಾಯಿಯ ಜಾಲರಿ ಗಟ್ಟಿಯಾಗಿದೆಯೇ ಎಂದು. 2006ರ ಜುಲೈ 31ರಂದು ಸೈತಾಮಾ ಪ್ರಾಂತ್ಯದ ಫುಜಿಮಿನೊದಲ್ಲಿ ಸಾರ್ವಜನಿಕ ಕೊಳವೊಂದರ ಜಾಲರಿ ಕಳಚಿ, ಏಳು ವರ್ಷದ ಹುಡುಗಿ ನೀರು ಎಳೆಯುವ ಕೊಳವೆಗೆ ಸಿಕ್ಕಿ ಸತ್ತಳು. ಮರುವರ್ಷ ಇಡೀ ದೇಶಕ್ಕೆ ಕೊಳಗಳ ಸುರಕ್ಷತೆಯ ಮಾರ್ಗಸೂಚಿ ಬಂತು.

ಆ ಹತ್ತು ನಿಮಿಷ ಕಳೆಯಲು ‘ಸಾಯ್‌ದಾನ್‌ಶಿತ್ಸು’ ಇದೆ, ಈಜುಡುಗೆಯಲ್ಲೇ ಕೂತು ಮೈ ಬೆಚ್ಚಗೆ ಮಾಡಿಕೊಳ್ಳುವ ಕೋಣೆ. ಗಂಡಸರು ಹೆಂಗಸರು ಒಟ್ಟಿಗೇ ಕೂರುತ್ತಾರೆ, ಹೆಚ್ಚು ಮಾತಿಲ್ಲ. ತಲೆಯಾಡಿಸಿ ನಮಸ್ಕಾರ ಹೇಳಿದರೆ ಸಾಕು. ಎರಡನೆಯ ಸಲ ಹೋದಾಗ ಅವರೇ ಗುರುತು ಹಿಡಿದು ಯಾವ ದೇಶ ಎಂದು ಕೇಳುತ್ತಾರೆ, ಆಮೇಲೆ ಮಾತು ಸಾಂಬಾರು, ಕರ್ರಿಗೆ ತಿರುಗುವುದು ಖಂಡಿತ. ಶಿಳ್ಳೆ ಮತ್ತೆ ಕೇಳಿದ ಮೇಲೆಯೇ ನೀರಿಗೆ.

ಹಂತ 10: ಹೊರಗೆ ಬರುವುದು

ಕೊಳದ ಬದಿಯಲ್ಲಿ ಕಣ್ಣು ತೊಳೆಯುವ ನಲ್ಲಿ ಇರುತ್ತದೆ, ನೀರು ಮೇಲ್ಮುಖವಾಗಿ ಚಿಮ್ಮುತ್ತದೆ. ಅದು ಕುಡಿಯುವುದಕ್ಕಲ್ಲ. ಶವರ್‌ನಲ್ಲಿ ಮೈ ತೊಳೆದು, ಕೋಣೆಯ ಬಾಗಿಲಿಗೆ ಬರುವ ಮೊದಲೇ ಟವೆಲಿನಿಂದ ಪೂರ್ತಿ ಒರೆಸಿಕೊಳ್ಳಿ. ಲಾಕರಿರುವ ಜಾಗ ಒಣಗಿರಬೇಕು ಎಂಬುದು ಇಲ್ಲಿ ಶಿಸ್ತು. ನೀರು ತೊಟ್ಟಿಕ್ಕಿಸುತ್ತ ಒಳಗೆ ಹೋದರೆ ಯಾರೂ ಬಯ್ಯುವುದಿಲ್ಲ, ಯಾರೋ ಒಬ್ಬರು ಒರೆಸುವ ಕೋಲು ಹಿಡಿದು ನಿಮ್ಮ ಹಿಂದೆಯೇ ಬರುತ್ತಾರೆ. ನನಗದು ಬೈಸಿಕೊಂಡದ್ದಕ್ಕಿಂತ ಹೆಚ್ಚು ನಾಚಿಕೆ ತಂದಿತ್ತು. ಟವೆಲನ್ನು ಲಾಕರಿನಲ್ಲೇ ಬಿಟ್ಟು ಹೋಗಿದ್ದೆ. ಶವರ್ ಹತ್ತಿರದ ಗೂಡಿನಲ್ಲಿ ಇಟ್ಟು ಹೋಗಬೇಕಿತ್ತು.

ಮೂಲೆಯಲ್ಲಿ ಬಕೆಟ್ಟಿನಷ್ಟು ಎತ್ತರದ ಗುಂಡಗಿನ ಯಂತ್ರ ಕಂಡರೆ ಅದು ‘ದಾಸ್ಸುಯ್‌ಕಿ’, ಈಜುಡುಗೆಯ ನೀರು ಹಿಂಡುವ ಯಂತ್ರ. ಈಜುಡುಗೆಯನ್ನು ಕೈಯಲ್ಲಿ ಒಮ್ಮೆ ಹಿಂಡಿ, ಒಂದೇ ಕಡೆ ಗುಡ್ಡೆಯಾಗದಂತೆ ಸುತ್ತಲೂ ಹರಡಿ ಇಡಿ, ಮುಚ್ಚಳ ಒತ್ತಿ ಹಿಡಿಯಿರಿ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಿರುಗುತ್ತದೆ. ಗುಡ್ಡೆ ಹಾಕಿದರೆ ಯಂತ್ರ ಗಡಗಡನೆ ಕುಣಿದು ಕೋಣೆಯವರೆಲ್ಲ ತಿರುಗಿ ನೋಡುತ್ತಾರೆ. ಹತ್ತು ಹದಿನೈದು ಸೆಕೆಂಡಿಗೆ ಉಡುಗೆ ಹೆಚ್ಚುಕಡಿಮೆ ಒಣಗಿ ಬರುತ್ತದೆ. ಟವೆಲ್ ತುರುಕಬೇಡಿ, ಅದಕ್ಕೆ ಅವಕಾಶವಿಲ್ಲ.

ಕೂದಲು ಒಣಗಿಸುವ ಯಂತ್ರಕ್ಕೆ ಕೆಲವು ಕಡೆ ಹತ್ತು ಯೆನ್ ನಾಣ್ಯ ಹಾಕಬೇಕು. ಚಳಿಗಾಲದಲ್ಲಿ ಒದ್ದೆ ತಲೆಯಲ್ಲಿ ಹೊರಬಿದ್ದರೆ ಮಾರನೆ ದಿನ ಶೀತ ಗ್ಯಾರಂಟಿ ಎಂದು ಅಮ್ಮ ಹೇಳುತ್ತಿದ್ದದ್ದು ಟೋಕಿಯೊದ ಗಾಳಿಗೂ ಅನ್ವಯಿಸುತ್ತದೆಂದೇ ನನ್ನ ನಂಬಿಕೆ, ಡಾಕ್ಟರುಗಳು ಏನಾದರೂ ಹೇಳಲಿ.

ಲಾಕರಿನ ನೂರು ಯೆನ್ ತೆಗೆದುಕೊಂಡಿರಾ? ಮೊಗಸಾಲೆಯಲ್ಲಿ ಕಡ್ಡಿಗೆ ಚುಚ್ಚಿದ, ಕಾಗದ ಸುತ್ತಿದ ‘ಸೆವೆಂಟೀನ್ ಐಸ್’ ಎಂಬ ಐಸ್‌ಕ್ರೀಮಿನ ಯಂತ್ರ ನಿಂತಿರುತ್ತದೆ. ಈಜಿ ಬಂದ ಮಕ್ಕಳೆಲ್ಲ ಅದರ ಮುಂದೆಯೇ ಗುಂಪುಗೂಡಿರುತ್ತಾರೆ. ಆ ನಾಣ್ಯಕ್ಕೆ ಇನ್ನಷ್ಟು ಚಿಲ್ಲರೆ ಸೇರಿಸಿದರೆ ನಿಮಗೂ ಒಂದು.